ಖಾಲಿ ಲಾರಿಯ ತೂಕ

ಟಾಂಗಾ ಬಂದರಿನ ರಸ್ತೆಯಲ್ಲಿ ನನ್ನದೊಂದು ಗೂಡು.
ಕಿಟಕಿಯಾಚೆ ಕಬ್ಬಿಣದ ಹಾಸು,
ದಿನಕ್ಕೆ ಮೂವತ್ತು ಲಾರಿ ಅದರ ಮೇಲೆ ಉಸಿರು ಬಿಟ್ಟು ನಿಲ್ಲುತ್ತವೆ.
ಕತ್ತಾಳೆ ನಾರು ಹೊತ್ತು ಬಂದಾಗೊಮ್ಮೆ ತೂಗು,
ಇಳಿಸಿ ಹೋಗುವಾಗೊಮ್ಮೆ ತೂಗು,
ಕಳೆದು ಬರೆ, ಮೊಹರು ಒತ್ತು.
ಹತ್ತೊಂಬತ್ತು ವರ್ಷ ಮಾಡಿದ್ದು ಇಷ್ಟೇ.
ಹೆಸರು ಮ್ವನೈದಿ.

ಗುರುವಾರ ಸಂಜೆ
ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕಥೆ ಕಲಿಯುತ್ತೇನೆ.
ಜುಬೇರಿ ಮೇಷ್ಟ್ರು ಹಲಗೆಯ ಮೇಲೆ ಐದು ಚೌಕ ಎಳೆದರು:
ಯಾರು, ಏನು ಬೇಕು, ಯಾರ ಅಡ್ಡಿ,
ಕಳೆದುಕೊಂಡದ್ದೇನು, ಕೊನೆಗೆ ಉಳಿದದ್ದೇನು.
"ಮೊದಲು ನಕ್ಷೆ, ಆಮೇಲೆ ಗೋಡೆ" ಅಂದರು.

ಜಡೆ ಹೆಣೆಯುವ ಹಿದಾಯಾಳ ಕಥೆಗಳಲ್ಲಿ
ಸೂರ್ಯ ಹುಟ್ಟದೆ ಯಾರೂ ಹಾಸಿಗೆ ಬಿಡುವಂತಿಲ್ಲ.
ನಿವೃತ್ತ ಪೊಲೀಸ್ ಗೆರ್ವಾಸ್
ಮೊದಲ ಸಾಲಿಗೇ ಕೊಲೆಗಾರನಿಗೆ ಕೋಳ ತೊಡಿಸಿ
ಉಳಿದ ಆರು ಪುಟ ಚಹಾ ಕುಡಿಯುತ್ತಾನೆ.
ನಾನು ಲೆಕ್ಕದವಳು, ಚೌಕ ಖಾಲಿ ಬಿಟ್ಟು ಗೊತ್ತಿಲ್ಲ:
ಒಬ್ಬ ಮೀನುಗಾರ, ಹೊಸ ಹಾಯಿಯ ಆಸೆ,
ಹೊಟ್ಟೆಕಿಚ್ಚಿನ ಅಣ್ಣ, ಮುರಿದ ಹುಟ್ಟು,
ಕೊನೆಗೆ ಬಾಲದಂತೆ ಒಂದು ನೀತಿ.
ಮೇಷ್ಟ್ರು ಎರಡು ಸಲ ಓದಿದರು.
"ಕೋಣೆಗಳೆಲ್ಲ ನೆಟ್ಟಗಿವೆ, ಮ್ವನೈದಿ.
ಒಳಗೆ ಯಾರೂ ವಾಸವಿಲ್ಲ."

ಆ ವಾರ ಅನ್ನ ಸೇರಲಿಲ್ಲ.
ಅಜ್ಜಿಗೆ ಯಾವ ಚೌಕ ಇತ್ತು?
ತೆಂಗಿನಕಾಯಿ ತುರಿಯುತ್ತ "ಪೌಕ್ವಾ!" ಅನ್ನುತ್ತಿದ್ದಳು,
ನಾವು "ಪಕಾವಾ!" ಎಂದು ಕೂಗಿದರೆ ಸಾಕು,
ಮೊಲವೋ ಕತ್ತೆಕಿರುಬವೋ ತಾನಾಗಿ ಬಂದು
ಒಲೆಯ ಪಕ್ಕ ಕೂರುತ್ತಿತ್ತು.
ಗೂಡಿನಲ್ಲಿ ಯಾರೂ ಇಲ್ಲದಾಗ
ನಾನೂ ಮೆಲ್ಲಗೆ ಒಮ್ಮೆ ಕರೆದು ನೋಡಿದೆ.
ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು.

ನೆನಪಾಯಿತು ಆಗ.
ಆರು ವರ್ಷದ ಹಿಂದಿನ ಒಂದು ಮಂಗಳವಾರ.
ಸರಕು ಇಳಿಸಿ ಹೊರಟ ಕೊಂಬೋನ ಖಾಲಿ ಲಾರಿ
ಎಂದಿಗಿಂತ ನಲವತ್ತು ಕಿಲೋ ಹೆಚ್ಚು ತೂಗಿತು.
ನನ್ನ ತಕ್ಕಡಿಗೆ ಇಪ್ಪತ್ತರ ಮಗ್ಗಿ ಬಿಟ್ಟು ಬೇರೆ ಬಾರದು,
ಸುಳ್ಳೂ ಬಾರದು.
ದಿನವೂ ಹರಟುವ ಕೊಂಬೋ
ಅಂದು ಸುಮ್ಮನೆ ನನ್ನ ಮುಖ ನೋಡಿದ.
ಹಿಂದೆ ಟಾರ್ಪಾಲು ಬಿಗಿದಿತ್ತು.
ಏನೂ ಇಲ್ಲದ ಲಾರಿಗೆ ಟಾರ್ಪಾಲು ಯಾಕೆ?
ನಾನು ಕುರ್ಚಿ ಬಿಟ್ಟೇಳಲಿಲ್ಲ.
ಎಂದಿನ ಅಂಕಿ ಬರೆದೆ.
ಮೊಹರು. ಅಡ್ಡಗಂಬ ಮೇಲೆ.

ಅದನ್ನೇ ಬರೆದೆ. ಮೊದಲೆರಡು ಪುಟ ಬಂದರಿನ ಚರಿತ್ರೆ.
ಅಂಚಿನಲ್ಲಿ ಮೇಷ್ಟ್ರ ಪೆನ್ಸಿಲ್ಲು:
"ಲಾರಿ ಹಾಸು ಹತ್ತಿದಾಗ ನನ್ನನ್ನು ಎಬ್ಬಿಸು."
ಎರಡೂ ಪುಟ ಹರಿದು, ಉಳಿದ ಒಂದನ್ನು ಓದಿದೆ.

"ಡೀಸೆಲ್ ಕ್ಯಾನು" ಅಂದ ಗೆರ್ವಾಸ್, "ಕಳ್ಳ ಮಾಲು."
"ಟಾರ್ಪಾಲು ನೆನೆದಿರಬೇಕು" ಅಂದರು ಹಿಂದಿನಿಂದ ಯಾರೋ.
ಮಳೆ ಬಂದಿರಲಿಲ್ಲ, ಅಂದೆ.
ಹಿದಾಯಾ ತುಂಬ ಹೊತ್ತು ಬೆರಳು ನೋಡಿಕೊಂಡು ಕೂತಿದ್ದಳು.
"ನನ್ನ ಮಗಳಿಗೆ ಹನ್ನೆರಡು," ಅಂದಳು,
"ಮೊನ್ನೆ ಆಸ್ಪತ್ರೆಯಲ್ಲಿ ತೂಗಿದರು."
ಎಷ್ಟು ಅಂತ ಯಾರೂ ಕೇಳಲಿಲ್ಲ.

ಮೇಷ್ಟ್ರು ಎದ್ದು ಮೂರು ಚೌಕ ಒರೆಸಿದರು,
ನಾಲ್ಕನೆಯದರ ಮೇಲೆ ಬಟ್ಟೆ ಹಿಡಿದು ನಿಂತರು.
ಹಾಗಾದರೆ ನಕ್ಷೆಯೇ ಬೇಡವೇ, ಅಂದೆ.
"ಬೇಕು.
ನೀನು ಬರೆಯದೆ ಬಿಟ್ಟ ಆ ನಲವತ್ತು
ಎಲ್ಲಿ ಕೂತಿದೆಯೆಂದು ಗೊತ್ತಾಗುವುದಕ್ಕೆ ಬೇಕು."

ಈಗ ತೂಕದ ಚೀಟಿಯ ಬೆನ್ನಲ್ಲಿ ನಕ್ಷೆ ಹಾಕುತ್ತೇನೆ.
ಬಂದಾಗಿನ ತೂಕ, ಹೋಗುವಾಗಿನ ತೂಕ.
ಲಾರಿಯದಲ್ಲ, ಕಿಟಕಿಯೊಳಗೆ ಕೂತವಳದ್ದು.

ಇದು ಏಳನೆಯ ಸಲ.
ಐದರಲ್ಲಿ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.
ಒಂದರಲ್ಲಿ ಎದ್ದು ಹೋಗಿ ಹಗ್ಗದ ಗಂಟಿಗೇ ಕೈ ಹಾಕಿದಳು,
ಹೆದರಿ ಪುಟವನ್ನೇ ಹರಿದುಬಿಟ್ಟೆ.
ಈ ಸಲ ಬಾಗಿಲ ತನಕ ಬಂದಿದ್ದಾಳೆ.
ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ.
ಎಂಜಿನ್ ಆರಿಸು ಅಂತ
ಕೊಂಬೋಗೆ ಹೇಳಿದ್ದೇನೆ.