ಸಾಕ್ಷಿ ಮರ

ಸರಪಳಿಯ ಹಿಂದಿನ ತುದಿ ನನ್ನದು, ಮುಂದಿನದು ಅಸಾಹೆಲನದು.
ಅರವತ್ತಾರು ಅಡಿ, ನೂರು ಕೊಂಡಿ.
ಬೈಬಲ್ ಮುಟ್ಟಿ ಆಣೆಯಿಟ್ಟಿದ್ದೆವು,
ಅಳತೆಯಲ್ಲಿ ಸುಳ್ಳಾಡೆವೆಂದು.

ವಾಬಾಷ್ ಹೊಳೆಯ ಜವುಗಿನಲ್ಲಿ ಸೊಂಟದವರೆಗೆ ಹೂತು
"ನೆಡು" ಎಂದು ನಾನು ಕೂಗಿದರೆ
"ನೆಟ್ಟೆ" ಎನ್ನುತ್ತಿದ್ದ.
ಹಗಲೆಲ್ಲ ಇದೇ ಮಾತು.
ರಾತ್ರಿ, ಚಳಿಜ್ವರದ ಕನವರಿಕೆಯಲ್ಲೂ.

ಮೂಲೆ ಬಿದ್ದಲ್ಲಿ ಬೀಚ್ ಮರದ ತೊಗಟೆ ಸುಲಿದು
ಅಂಕಿ ಕೆತ್ತುತ್ತಿದ್ದ ಮೋಜಣಿದಾರ.
ಸಾಕ್ಷಿ ಮರ ಅಂತ ಹೆಸರು ಅದಕ್ಕೆ.
ಏನು ಕಂಡಿತ್ತೋ, ಯಾರೂ ಕೇಳಲಿಲ್ಲ.

ಉರ್ಸೂಲ್ ವಲ್ಕೂರಳ ಹೊಲ ರಿಬ್ಬನ್ನಿನ ಹಾಗೆ
ನೀರಿನಿಂದ ಕಾಡಿನತನಕ, ಒಂದು ಕೂಗಿನಗಲ.
ನಮ್ಮ ಚೌಕ ಅದರ ಮೇಲೆ ಕೂರಲೊಲ್ಲದು.
ಜೋಳದ ಗಂಜಿ ಕೊಟ್ಟಳು. ಮಯಾಮಿ ಬುಡಕಟ್ಟಿನ
ತಾಯ್ಮಾತಿನಲ್ಲಿ ಏನೋ ಅಂದು ನಕ್ಕಳು.
ದುಭಾಷಿ ತಡವರಿಸಿದ:
"ಬರುವ ವರ್ಷ ಹೊಳೆ ಪಕ್ಕಕ್ಕೆ ಸರಿದರೆ
ಮರವನ್ನು ಕಟಕಟೆಗೆ ಕರೆಯುವಿರಾ, ಅಂತಾಳೆ."
ಮೋಜಣಿದಾರ ಪುಸ್ತಕದಲ್ಲಿ ಬರೆದುಕೊಂಡ:
ನೆಲ ಸಮ. ಎರಡನೇ ದರ್ಜೆ. ಬೀಚ್, ಹಿಕರಿ.

ಅರವತ್ತು ಸಾವಿರ ತಲೆಯಾದರೆ ರಾಜ್ಯವಂತೆ.
ಅವಳ ತಾಯಿಯ ತಲೆ ಆ ಲೆಕ್ಕದಲ್ಲಿರಲಿಲ್ಲ.
ನನ್ನದಿತ್ತು.

ಈಗ ನೂರರವತ್ತು ಎಕರೆ ನನ್ನ ಹೆಸರಿಗೆ.
ಚಕ್ಕುಬಂದಿ: ಮೂಡಲಿಗೆ ರಸ್ತೆ, ಪಡುವಲಿಗೆ ಹೊಳೆಯಿದ್ದ ಜಾಗ,
ತೆಂಕಲಿಗೆ ಅಸಾಹೆಲನ ಗೋರಿ,
ಬಡಗಲಿಗೆ ಬೀಚ್ ಮರ.
ಹೋದ ಮಾಗಿಯಲ್ಲಿ ಅದನ್ನು ನಾನೇ ಕಡಿದೆ.
ಮೂವತ್ತು ವರ್ಷ ಬೆಳೆದ ಮರದಡಿ ಅಂಕಿ ಹಾಗೇ ಇತ್ತು.
ಅದನ್ನು ಮುಚ್ಚಿದ ಸಿಗುರಿನ ಒಳಮೈಯಲ್ಲಿ
ಅದೇ ಅಂಕಿ, ಉಲ್ಟಾ.
ತಿರುಗಿಬಿದ್ದ ಸಾಕ್ಷಿ.
ಚೆನ್ನಾಗಿ ಒಣಗಿತ್ತು, ಒಲೆಗೆ ಹಾಕಿದೆ.