ಎರಡನೇ ರಾತ್ರಿಯ ಅಫಿಡವಿಟ್

ಕರಂಗಲ್ಪಾಡಿಯ ಕೋರ್ಟು ದಾರಿಯಲ್ಲಿ
ನನ್ನದೊಂದು ಟೈಪಿಂಗ್ ಮೇಜು ಉಂಟು.
ಜಾಗದ ತಕರಾರು, ಹೆಸರು ತಿದ್ದುಪಡಿ, ಕಳೆದುಹೋದ ರೇಷನ್ ಕಾರ್ಡು.
ಲೋಕದ ಯುದ್ಧ ಇಲ್ಲಿಗೆ ಬಂದದ್ದು ಒಮ್ಮೆ ಮಾತ್ರ,
ಮೋನಬ್ಬರ ಚಪ್ಪಲಿ ಮೆಟ್ಟಿಕೊಂಡು.

ಅವರು ಹಡಗಿನ ಭಂಡಾರಿ. ಮೂವತ್ತು ವರ್ಷ
ಯಾರ್ಯಾರದೋ ಬಾವುಟದ ಕೆಳಗೆ ಅನ್ನ ಬೇಯಿಸಿದವರು.
ಕಡಲಾಚೆಯ ಒಂದು ಬಂದರಿನಲ್ಲಿ
ಗೋಧಿ ಇಳಿಸಲಾಗದೆ ಹಡಗು ಹತ್ತೊಂಬತ್ತು ದಿನ ನಿಂತಾಗ
ಎರಡು ರಾತ್ರಿ ಕಂಡವರು.

ಪರದೇಶದ ವಕೀಲರು ಕದ್ರಿಯ ಹೋಟೆಲಿನಲ್ಲಿ ಇಳಿದರು.
ಬ್ಯಾರಿ ಮಾತನ್ನು ನಾನು ಇಂಗ್ಲಿಷಿಗೆ ದಾಟಿಸಬೇಕು.
ಮೊದಲ ರಾತ್ರಿಗೆ ಒಂದೂವರೆ ದಿನ ಹಿಡಿಯಿತು:
ವಿಮಾನ ಯಾವ ದಿಕ್ಕಿನಿಂದ, ಗೋದಾಮಿನ ಬಾಗಿಲು ಯಾವ ಬಣ್ಣ,
ನೀರಿನಿಂದ ಎತ್ತಿದ ಹುಡುಗನಿಗೆ ಇಲ್ಲದ್ದು ಬಲಗೈಯೋ ಎಡಗೈಯೋ.
ಚೆನ್ನಾಗಿಯೇ ಕೇಳಿದರು, ಸುಳ್ಳು ಹೇಳಬಾರದು.
ಆ ಹೆಂಗಸು ಒಮ್ಮೆ ಪೆನ್ನು ಕೆಳಗಿಟ್ಟು ಕಿಟಕಿಯತ್ತ ತಿರುಗಿದ್ದೂ ಉಂಟು.

"ಇನ್ನು ಎರಡನೇ ರಾತ್ರಿ," ಅಂದರು ಮೋನಬ್ಬ.
ಫೈಲು ಮುಚ್ಚಿತು.
ಅದು ನಮ್ಮ ವ್ಯಾಪ್ತಿಯಲ್ಲಿಲ್ಲ.
ಆ ಯುದ್ಧದೋಣಿಗಳ ದೇಶ ಸಹಿ ಹಾಕಿಲ್ಲ,
ಹಾಕದವರನ್ನು ಕರೆಸಲು ದೊಡ್ಡವರು ಹೇಳಬೇಕು,
ಹೇಳಬೇಕಾದ ದೊಡ್ಡವರು ಅವರ ನೆಂಟರು.
ನೆಂಟರು ಅನ್ನುವುದು ನನ್ನ ಅನುವಾದ.
ಅವರ ಬಾಯಲ್ಲಿ ಅದು ಉದ್ದದ, ಇಸ್ತ್ರಿ ಹಾಕಿದ ಪದ.

ಮೋನಬ್ಬ ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡರು.
"ಮೊದಲ ರಾತ್ರಿ ಉಳಿದವರಿಗೆ ನಲವತ್ತೊಂದು ರೊಟ್ಟಿ ತಟ್ಟಿದೆ.
ಎರಡನೇ ರಾತ್ರಿ ಅರವತ್ತಮೂರು.
ಹಿಟ್ಟು ಒಂದೇ ಚೀಲದ್ದು.
ನಮ್ಮ ದಕ್ಕೆಯಲ್ಲಿ ಬಂಗುಡೆ ತೂಗುವ ತಕ್ಕಡಿಗೂ
ಇಲಾಖೆಯವರು ಬಂದು ಮುದ್ರೆ ಹೊಡೆಯುತ್ತಾರೆ.
ಇವರದ್ದಕ್ಕೆ ಹೊಡೆಯುವುದು ಯಾರು, ಕೇಳು."
ಕೇಳಿದೆ.
ಎ.ಸಿ.ಯ ಸದ್ದು.

ಸಹಿ ಹಾಕಬೇಡಿ, ಅಂದೆ ಮೆಟ್ಟಿಲಲ್ಲಿ, ಸಿಟ್ಟಿನಿಂದ.
ಅವರು ಹಾಕಿ ಆಗಿತ್ತು.
"ಆ ಹುಡುಗ ಎಂತ ಮಾಡಿದ ಮಾರಾಯ?
ಇವರಿಗೆ ಸಿಗಲಿಲ್ಲ ಅಂತ ಅವನದ್ದೂ ಕಸಿಯಲಿಕ್ಕುಂಟಾ?"

ಮರುದಿನ ಮೇಜಿನ ಮುಂದೆ ಬಂದು ಕೂತರು,
ಸ್ಟ್ಯಾಂಪ್ ಪೇಪರಿನ ದುಡ್ಡು ಎಣಿಸಿಟ್ಟು.
ಎರಡನೇ ರಾತ್ರಿ. ಕನ್ನಡದಲ್ಲೇ ಹೊಡಿ.
ಏಳು ಪುಟ. ಮಾತು ಎಲ್ಲಿಯೂ ತಡೆಯಲಿಲ್ಲ,
ಕೊನೆಯ ರೊಟ್ಟಿಗೆ ಯಾರೂ ಕೈ ಚಾಚಲಿಲ್ಲ ಎಂಬಲ್ಲಿ ಬಿಟ್ಟರೆ.

ತಡೆದದ್ದು ನಾನು, ಮೊದಲ ಸಾಲಿನಲ್ಲಿ.
'ಸನ್ಮಾನ್ಯ' ಹೊಡೆದೆ. 'ನ್ಯಾಯಾಲಯದಲ್ಲಿ' ಹೊಡೆದೆ.
ನಡುವೆ ಯಾವ ಊರಿನ, ಯಾರ?
"ಜಾಗ ಬಿಡು," ಅಂದರು. "ಹೆಸರು ಉದ್ದ ಇದ್ದರೂ ಹಿಡಿಯಬೇಕು."

ಈಗಲೂ ಬಂದರಿಗೆ ಹೋಗುವಾಗ ಇಣುಕುತ್ತಾರೆ:
ಬಂತಾ?
ಇಲ್ಲ.
ಕೆಳಗಿನ ಡ್ರಾಯರಿನಲ್ಲಿ ಉಂಟು, ಕಾರ್ಬನ್ ಪ್ರತಿಯ ಸಮೇತ.
ಆಟಿಯಲ್ಲಿ ಹೊರಗೆ ತೆಗೆದು
ಫ್ಯಾನಿನ ಕೆಳಗೆ ಒಣಗಿಸುತ್ತೇನೆ.