ರಟ್ಟು

ಎಂಜಿನ್ ಇಳಿಸಿ, ಬಿಚ್ಚಿ, ತೊಳೆದು,
ಆರು ಲೈನರು, ಆರು ಪಿಸ್ಟನ್ನು, ಹೊಸ ಹೆಡ್ ಗ್ಯಾಸ್ಕೆಟ್ಟು ಕೂರಿಸಿ
ಹದಿನೇಳನೇ ದಿನ ಬೆಳಿಗ್ಗೆ
ಕೀಲಿ ತಿರುಗಿಸಿದ್ದೇ ತಡ ಎದ್ದು ಕೂತಿತು.
ಜವರಯ್ಯ ಸ್ಟೇರಿಂಗಿಗೆ ಕೈ ಮುಗಿದ.
ನಾನು ಬಿಸ್ಕತ್ತಿನ ರಟ್ಟೊಂದನ್ನು ಬಿಡಿಸಿ
ಲಾರಿಯಡಿ ಹಾಸಿದೆ.
ಸದ್ದನ್ನು ನಂಬಬಾರದು,
ನಾಲ್ಕು ಜನರ ಮುಂದೆ ಅದು ಚೆನ್ನಾಗೇ ಮಾತಾಡುತ್ತೆ.

ಅರ್ಧ ಗಂಟೆಗೆ ಒಂದು ಹನಿ.
ಹಸಿರು. ಬೆರಳಿಗೆ ಹಚ್ಚಿ ಮೂಸಿದರೆ
ಹಳಸಿದ ಪಾನಕ.

ಮೇಲಿನ ಹೋಸಿನ ಕ್ಲಿಪ್ಪು ಸೊಟ್ಟಗೆ ಕೂತಿತ್ತು, ಬಿಗಿದೆ.
ನಿಂತಿತು. ನಿಂತ ಹಾಗೆ ಮಾಡಿತು.
ಥರ್ಮೋಸ್ಟಾಟಿನ ಮುಚ್ಚಳಕ್ಕೆ
ಐಟಿಐ ಮುಗಿಸಿ ಬಂದ ರುದ್ರಮುನಿ
ಹೋಳಿಗೆಗೆ ತುಪ್ಪ ಸವರಿದಂತೆ ಪೇಸ್ಟು ಸವರಿದ್ದ;
ಬಿಚ್ಚಿಸಿ, ಕೆರೆಸಿ, ಮತ್ತೆ ಹಾಕಿಸಿದೆ.
ರಟ್ಟು ಬದಲಾಯಿಸಿದೆ. ಮತ್ತೆ ಹನಿ.

ಕೊಬ್ಬರಿ ಮಂಡಿಯಿಂದ ಷಡಕ್ಷರಪ್ಪನವರ ಫೋನು:
'ಸೋಮವಾರ ಲೋಡಿದೆ ಮುನೀರಾ, ಆಯ್ತಾ?'
'ಒಂದು ಹನಿ ಇದೆ ಯಜಮಾನ್ರೇ.'
'ಒಂದು ಹನಿ ತಾನೇ!
ಅರಸೀಕೆರೇಲಿ ಅಷ್ಟು ಮಳೇನೂ ಬರಲ್ಲ.'

ಟಾರ್ಚು ಹಲ್ಲಲ್ಲಿ ಕಚ್ಚಿ ಅಂಗಾತ ಮಲಗಿದೆ.

ವಾಟರ್ ಪಂಪಿನ ಹೊಟ್ಟೆಯಡಿ
ಕಡಲೆಕಾಳಿನಷ್ಟು ಒಂದು ತೂತು ಇರುತ್ತೆ.
ನೀರು ಓಡಿಸಲಿಕ್ಕಲ್ಲ ಅದು;
ಒಳಗೆ ಸೀಲು ಸೋತರೆ
ಹೊರಗೆ ಬಂದು ಹೇಳಲಿಕ್ಕೆ.
ಚಾಡಿತೂತು ಅನ್ನುತ್ತಿದ್ದರು ನಮ್ಮ ಉಸ್ತಾದರು,
'ಎಲ್ಲರ ಬಾಯಿ ಮುಚ್ಚಿಸಿ, ಇದರದ್ದು ಮಾತ್ರ ಬೇಡ್ರೋ.'

ಆ ತೂತು ಕಾಣಲಿಲ್ಲ.
'ಪಂಪು ಇದ್ದದ್ದೇ ಇರಲಿ, ಖರ್ಚು ಜಾಸ್ತಿ' ಅಂದಿದ್ದರಲ್ಲ,
ಒರೆಸಿ ನಾವೇ ನೀಲಿ ಬಣ್ಣ ಹೊಡೆದಿದ್ದೆವು.
ಸ್ಕ್ರೂಡ್ರೈವರಿನಿಂದ ಕೆರೆದೆ.
ಬಣ್ಣದಡಿ ಎಂ-ಸೀಲು, ಕಲ್ಲಾಗಿ.
ಅದರಂಚಿಗೆ ಕೂದಲೆಳೆಯಷ್ಟು ಬಿರುಕು,
ಅಲ್ಲಿ ಮೂರನೇ ಹನಿ ತಯಾರಾಗುತ್ತಿತ್ತು.

ಯಾವ ಬೇವರ್ಸಿ ಮೆಕ್ಯಾನಿಕ್ಕು ಇದು
ಎಂದು ಬೈಯಲು ಬಾಯಿ ತೆರೆದೆ,
ಟಾರ್ಚು ಎದೆಯ ಮೇಲೆ ಬಿತ್ತು.
ಎತ್ತಿ ಹಿಡಿದೆ.
ಸೀಲಿನ ಮೇಲೆ ಹೆಬ್ಬೆಟ್ಟಿನ ಗುರುತು,
ನಡುವೆ ಅಡ್ಡಗೆರೆ.
ಆ ಗೆರೆ ನನಗೆ ಗೊತ್ತು.
ಇಪ್ಪತ್ತರ ಪ್ರಾಯದಲ್ಲಿ ಫ್ಯಾನ್ ಬೆಲ್ಟು ಕಚ್ಚಿದ್ದು.

ಹೋದ ರಂಜಾನಿನ ಕೊನೇ ವಾರ.
ಬಾಣಾವರದ ಬಂಕಿನ ಮುಂದೆ, ರಾತ್ರಿ ಹನ್ನೊಂದು.
'ಈಗ ಊರು ಸೇರಲಿ, ಬೆಳಗಾದರೆ ಪಂಪು ಬದಲಾಯಿಸೋಣ.'
ಲಾರಿ ಊರು ಸೇರಿತು. ಬೆಳಗೂ ಆಯಿತು.
ಆಮೇಲೆ ಹಬ್ಬ.

'ಕೆಳಗೆ ತೊಟ್ಟು ನೀರು ಬಿದ್ದಿರಲಿಲ್ಲ ಮುನೀರಣ್ಣ,
ನನ್ನ ಮಕ್ಕಳಾಣೆಗೂ.
ಸುಮ್ಮನೆ ಕಾದು ಹಿಡಿದುಕೊಂಡುಬಿಡ್ತು'
ಎಂದು ಹದಿನೇಳು ದಿನದಿಂದ ಜವರಯ್ಯ ಹೇಳುತ್ತಲೇ ಇದ್ದ.
ಹೇಗೆ ಬೀಳಬೇಕು?
ಬೇರಿಂಗಿನಿಂದ ಫ್ಯಾನಿಗೆ, ಫ್ಯಾನಿನಿಂದ ಗಾಳಿಗೆ.
ಅವನ ಸಂಬಳದಲ್ಲಿ ತಿಂಗಳಿಗೆ ಎರಡು ಸಾವಿರ
ಮುರಿಯುವುದೆಂದು ಆಗಲೇ ಮಾತಾಗಿತ್ತು.
ಆ ಮಾತಾಡುವಾಗ ನಾನೂ ಅಲ್ಲಿದ್ದೆ.
ತಲೆಯಾಡಿಸಿ,
'ಡ್ರೈವರಾದೋನು ನೀರು ನೋಡ್ಕೋಬೇಕಪ್ಪ' ಅಂದಿದ್ದೆ.

ಹಾಸನಕ್ಕೆ ಬಸ್ಸು ಹತ್ತಿಸಿ
ರುದ್ರಮುನಿಯಿಂದ ಹೊಸ ಪಂಪು ತರಿಸಿದೆ, ನನ್ನ ದುಡ್ಡಲ್ಲಿ.
ಕೂರಿಸಿ, ತೂತಿಗೆ ಬೆರಳಾಡಿಸಿ ನೋಡಿದೆ,
ತೆರೆದಿತ್ತು.
ಒಂದು ಗಂಟೆ ಓಡಿಸಿದೆವು.
ರಟ್ಟು ಒಣಗಿದ್ದು ಒಣಗಿದ್ದೇ.
ಜವರಯ್ಯ ಹಳೇ ಟಯರಿನ ಮೇಲೆ ಕೂತು
ಕಡಲೆಕಾಯಿ ಬಿಡಿಸುತ್ತಿದ್ದ,
ಎದ್ದು ಬಂದು ಒಂದು ಹಿಡಿ ನನ್ನ ಕೈಗೆ ಸುರಿದ.

ಫೋನು. 'ಹನಿ ನಿಂತಿತೇನೋ?'
'ನಿಂತಿತು ಯಜಮಾನ್ರೇ.
ಜವರಯ್ಯನ ವಿಷಯ ಒಂದಿದೆ...'
ಜಂಕ್ಷನ್ನಿನಿಂದ ಗೂಡ್ಸು ಹೊರಟಿತು,
ಷೆಡ್ಡಿನ ತಗಡೆಲ್ಲ ನಡುಗಿತು.
'ಏನು? ಕೇಳಿಸ್ತಿಲ್ಲ. ತಡಿ, ರೈಲು ಹೋಗ್ಲಿ.'

ಉದ್ದದ ರೈಲು.
ಜೇಬಿನಲ್ಲಿ ಆ ಎಂ-ಸೀಲಿನ ಚೂರು,
ಅದರ ಗುಳಿಯಲ್ಲಿ ನನ್ನ ಹೆಬ್ಬೆರಳು
ಸರಿಯಾಗಿ ಕೂತಿತ್ತು.
ಕೊನೇ ಡಬ್ಬಿ ದಾಟಿತು.

'ಹ್ಞೂಂ, ಈಗ ಹೇಳು' ಅಂದರು.